ಮಿಂಚುಳ್ಳಿಯ ಏಳನೇ ಪುಸ್ತಕ

ಜನವರಿ ೬

ಮರಿ,

ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ನನ್ನೊಬ್ಬಳನ್ನು ಬಿಟ್ಟು. ಮಿಂಚುಳ್ಳಿ ಕಾದಂಬರಿಗಳ ಆರನೇ ಪುಸ್ತಕ ಮೊನ್ನೆ ಓದಿ ಮುಗಿಸಿದೆ. ಅವತ್ತಿನಿಂದ ತುತ್ತು ಗಂಟಲಲ್ಲಿ ಇಳಿಯುತ್ತಿಲ್ಲ. ಮಿಂಚುಳ್ಳಿಯನ್ನು ಕಲ್ಲುಗಣಿಯ ಹೊಂಡದಲ್ಲಿ ಕೆಡವಿ, ಕಾಲು ಮುರಿದು, ಮೇಲೆ ಪೊಲೀಸರನ್ನು ನಿಲ್ಲಿಸಿ, ಅಲ್ಲಿಗೆ ಪುಸ್ತಕ ಮುಗಿಸಿಬಿಟ್ಟಿದ್ದಾನೆ ಆ ಪುಣ್ಯಾತ್ಮ ಲೇಖಕ. ಅವನಿಗೆ ಅಕ್ಕತಂಗಿಯರು ಯಾರೂ ಇಲ್ಲವೇನೋ.

ನಿನಗೆ ನೆನಪಿದೆಯೇ? ಅಮ್ಮ ತೀರಿಕೊಂಡ ವರ್ಷ ನೀನು ಕಾಮಾಲೆಯಾಗಿ ಮಲಗಿದ್ದಾಗ ಮೊದಲನೇ ಪುಸ್ತಕ ನಾನೇ ನಿನಗೆ ಓದಿ ಹೇಳಿದ್ದು. ಯಾರದೋ ಕಾಗದವನ್ನು ಸಾಹುಕಾರನ ಕೈಗೆ ಕೊಡಲು ಒಪ್ಪದೆ ಮಿಂಚುಳ್ಳಿ ಪೋಸ್ಟ್‌ಮ್ಯಾನ್ ಕೆಲಸ ಕಳೆದುಕೊಂಡಾಗ ನೀನು ಗೋಡೆಗೆ ತಿರುಗಿ ಮಲಗಿ, ಊಟ ಬೇಡ ಎಂದಿದ್ದೆ. ಆಗ ನಾನು ನಿನ್ನನ್ನು ನೋಡಿ ನಕ್ಕಿದ್ದೆ. ಈಗ ನಗುವ ಸರದಿ ನಿನ್ನದು. ಊರೂರು ಅಲೆಯುತ್ತಾನೆ, ಎಲ್ಲಿ ಅನ್ಯಾಯ ಕಂಡರೂ ತಲೆ ಹಾಕುತ್ತಾನೆ, ಒದೆ ತಿನ್ನುತ್ತಾನೆ, ಎದ್ದು ಮತ್ತೆ ನಡೆಯುತ್ತಾನೆ. ಆರು ಪುಸ್ತಕಗಳಲ್ಲಿ ಅವನು ಒಂದು ಊಟವನ್ನೂ ನೆಮ್ಮದಿಯಾಗಿ ಮುಗಿಸಿದ್ದಿಲ್ಲ.

ನಿನ್ನೆ ಔಷಧಿ ಅಂಗಡಿಯಲ್ಲಿ ನನ್ನಿಂದ ಅನಾಹುತ ಆಗುತ್ತಿತ್ತು. ಒಬ್ಬ ಮುದುಕಿಗೆ ಕೆಮ್ಮಿನ ಮಾತ್ರೆ ಕೊಡುವ ಬದಲು ಸಕ್ಕರೆ ಕಾಯಿಲೆಯ ಮಾತ್ರೆ ಕಟ್ಟಿಕೊಟ್ಟೆ. ಹೊಂಡದೊಳಗೆ ನೀರು ಏರುತ್ತಿತ್ತಲ್ಲ, ಆ ನೀರೇ ನನ್ನ ಕಣ್ಣ ಮುಂದಿತ್ತು. ಗೊತ್ತಾದಾಗ ಚಪ್ಪಲಿ ಕೂಡ ಮೆಟ್ಟದೆ ಬಸ್ ಸ್ಟಾಪಿನ ತನಕ ಓಡಿ ಪೊಟ್ಟಣ ಕಿತ್ತುಕೊಂಡೆ. ಆ ಮುದುಕಿ ನಾನು ಕಳ್ಳಿ ಎಂದುಕೊಂಡು ಕೂಗಿಕೊಂಡಳು. ಮಾಲೀಕರು ಕರೆದು ಕೇಳಿದರು, "ಏನಮ್ಮಾ, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?" ನನ್ನ ಬಾಯಿಂದ ತಾನಾಗಿ ಬಂತು, "ಹೂಂ ಸಾರ್, ನಮ್ಮವರೊಬ್ಬರು ಆಸ್ಪತ್ರೇಲಿದಾರೆ." ಪಾಪ, ಅರ್ಧ ದಿನ ರಜೆ ಕೊಟ್ಟು ಕಳಿಸಿದರು.

ನಿನ್ನ ಭಾವ ಬಿದ್ದು ಬಿದ್ದು ನಕ್ಕರು. "ಅಲ್ಲಿ ಅವನ ಕಾಲು ಮುರಿದ್ರೆ ಇಲ್ಲಿ ನನ್ನ ಅಡುಗೆಗೆ ಉಪ್ಪಿಲ್ಲ" ಎಂದರು. ಮಗಳೂ ಅವರ ಜೊತೆ ಸೇರಿಕೊಂಡಿದ್ದಾಳೆ.

ಏಳನೇ ಪುಸ್ತಕ ನಿಮ್ಮ ಪ್ರೆಸ್ಸಿನಲ್ಲೇ ಅಚ್ಚಾಗುತ್ತಿದೆ ಎಂದು ಹೋದ ಸಲ ಬರೆದಿದ್ದೆಯಲ್ಲ? ಒಂದೇ ಒಂದು ಮಾತು ಹೇಳು. ಬದುಕುತ್ತಾನೋ ಇಲ್ಲವೋ. ಉಳಿದದ್ದನ್ನು ನಾನೇ ಓದಿಕೊಳ್ಳುತ್ತೇನೆ.

ನಿನ್ನ ಕೆಲಸ ಹೇಗಿದೆ? ಈ ಸಲವಾದರೂ ಒಂದು ಕಡೆ ನೆಲೆ ನಿಲ್ಲು.

ನಿನ್ನ ಅಕ್ಕ

*

ಜನವರಿ ೧೯

ಅಕ್ಕ,

ನಿನ್ನ ಕಾಗದವನ್ನು ಊಟದ ಹೊತ್ತಿನಲ್ಲಿ ಇಲ್ಲಿಯವರಿಗೆಲ್ಲ ಓದಿ ಹೇಳಿದೆ. ಮಡಚುವ ಮೇಜಿನ ಹೆಂಗಸರು ನಿನ್ನ ಪಕ್ಷ. ಅವರಲ್ಲಿ ಹಿರಿಯಾಕೆ, ಇಲ್ಲಿ ಎಲ್ಲರೂ ಅವರನ್ನು ದೊಡ್ಡಕ್ಕ ಎನ್ನುತ್ತೇವೆ, "ಬರೆದೋನು ಸಿಕ್ಕಿದ್ರೆ ಅಂಟಿನ ಡಬ್ಬಕ್ಕೆ ಅದ್ದಿ ತೆಗೀತೀನಿ" ಎಂದರು.

ನಿನಗೆ ಹೇಳಲು ನನಗೇ ಇನ್ನೂ ಗೊತ್ತಿಲ್ಲ. ನಮ್ಮ ಬೈಂಡಿಂಗ್ ಕೋಣೆಗೆ ಪುಸ್ತಕ ಪುಸ್ತಕವಾಗಿ ಬರುವುದಿಲ್ಲ. ದೊಡ್ಡ ಹಾಳೆಯಲ್ಲಿ ಹದಿನಾರು ಪುಟ ಒಟ್ಟಿಗೆ ಅಚ್ಚಾಗಿ ಬರುತ್ತವೆ. ಅದಕ್ಕೆ ಫಾರಂ ಎನ್ನುತ್ತಾರೆ. ಅದನ್ನು ಮಡಚಬೇಕು, ಜೋಡಿಸಬೇಕು, ಹೊಲಿಯಬೇಕು, ಅಂಚು ಕತ್ತರಿಸಬೇಕು. ಫಾರಮ್ಮುಗಳು ಬರುವುದೂ ಅಡ್ಡಾದಿಡ್ಡಿ. ಒಂಬತ್ತನೆಯದರಲ್ಲಿ ಮಿಂಚುಳ್ಳಿ ಕಾಲುವೆಯ ದಂಡೆಯಲ್ಲಿ ಹಾಡಿಕೊಂಡು ಅಂಗಿ ಒಗೆಯುತ್ತಿದ್ದಾನೆ. ಐದನೆಯದು ಇನ್ನೂ ಬಂದೇ ಇಲ್ಲ. ಅಂದರೆ ಹೊಂಡದಿಂದ ಹೇಗೋ ಮೇಲೆ ಬಂದಿದ್ದಾನೆ ಎಂದಾಯಿತು. ಇಷ್ಟು ಹೇಳಿದ್ದಕ್ಕೇ ಮೇಸ್ತ್ರಿ ನನ್ನ ಕಿವಿ ಹಿಂಡುತ್ತಾನೆ. ಹೊರಗೆ ಯಾರಿಗೂ ಬಾಯಿ ಬಿಡಕೂಡದು ಎಂದು ಕಟ್ಟಪ್ಪಣೆ.

ಈಗ ನನ್ನನ್ನು ಕಟಿಂಗ್ ಮೆಷಿನ್ ಮುಂದೆ ನಿಲ್ಲಿಸಿದ್ದಾರೆ. ಪೆಡಲ್ ಒತ್ತಿದರೆ ಮೇಲಿಂದ ಬ್ಲೇಡ್ ಇಳಿದು ಇಡೀ ಕಟ್ಟನ್ನು ಒಂದೇ ಏಟಿಗೆ ಕತ್ತರಿಸುತ್ತದೆ. ಕೈ ಒಳಗೆ ಹೋಗದ ಹಾಗೆ ಮುಂದೆ ಒಂದು ಕಬ್ಬಿಣದ ಜಾಲರಿ ಇರಬೇಕು. ಅದನ್ನು ಬಿಚ್ಚಿ ಮೂಲೆಗೆ ಒರಗಿಸಿದ್ದಾರೆ. ಪ್ರತಿ ಕಟ್ಟಿಗೂ ಜಾಲರಿ ಎತ್ತಿ ಇಳಿಸುತ್ತ ಕೂತರೆ ಪುಸ್ತಕ ಹೇಳಿದ ದಿನಕ್ಕೆ ಹೊರಬರುವುದಿಲ್ಲವಂತೆ. ನಾನು ಮಾಲೀಕರ ಹತ್ತಿರ ಹೋಗಿ, "ಜಾಲರಿ ಹಾಕ್ಸಿ ಸಾರ್, ಇಲ್ದಿದ್ರೆ ನಾನು ಮೆಷಿನ್ ಮುಟ್ಟಲ್ಲ" ಎಂದೆ. "ಮೈಮೇಲೆ ಎಚ್ಚರ ಇರೋರಿಗೆ ಜಾಲರಿ ಯಾಕಪ್ಪ ಬೇಕು?" ಎಂದರು. ಒಂದು ದಿನ ಮುಟ್ಟಲಿಲ್ಲ. ಮಾರನೇ ದಿನ ಮೇಸ್ತ್ರಿ ಬಂದು, "ಹೊರಗಡೆ ಇನ್ನೂ ಜನ ಕಾಯ್ತಿದಾರೆ, ಹೀರೋ ಆಗ್ಬೇಡ" ಎಂದ. ಮುಟ್ಟಿದೆ.

ಸೈಕಲ್ ಅಂಗಡಿಯ ಮೇಲಿನ ನನ್ನ ಕೋಣೆ ಬಿಸಿಲಿಗೆ ಕಾದು ತವೆಯಾಗುತ್ತದೆ. ಅದು ಬಿಟ್ಟರೆ ಆರಾಮ. ಭಾವನಿಗೆ ನಮಸ್ಕಾರ, ನಿನ್ನ ಮಗಳಿಗೆ ಮುದ್ದು.

ಮರಿ

*

ಫೆಬ್ರವರಿ ೨

ಮರಿ,

ನಿನ್ನ ಕಾಗದ ಓದಿ ಎದೆ ಧಸಕ್ಕೆಂದಿತು. ಮತ್ತೆ ಶುರುಮಾಡಿದೆಯಾ? ಕೆಲಸಕ್ಕೆ ಸೇರಿ ಇನ್ನೂ ಬೆವರು ಆರಿಲ್ಲ, ಆಗಲೇ ಮಾಲೀಕರಿಗೆ ಎದುರು ನಿಂತು ಜಾಲರಿ ಹಾಕಿಸಿ, ಅದು ಮಾಡಿಸಿ ಎನ್ನುತ್ತೀಯ. ಗ್ಯಾರೇಜಿನಲ್ಲೂ ಹೀಗೇ, ಗೋದಾಮಿನಲ್ಲೂ ಹೀಗೇ. ನಿನಗೊಬ್ಬನಿಗೇ ಕಣ್ಣಿರುವುದೇ? ಉಳಿದವರೆಲ್ಲ ಬಾಯಿ ಮುಚ್ಚಿಕೊಂಡು ದುಡಿಯುತ್ತಿಲ್ಲವೇ? ಪ್ರತಿ ಸಲ ಕೆಲಸ ಬಿಟ್ಟು ಪೆಟ್ಟಿಗೆ ಹೊತ್ತುಕೊಂಡು ನಮ್ಮ ಬಾಗಿಲಿಗೆ ಬರುತ್ತೀಯ. ನಿನ್ನ ಭಾವ ಏನೂ ಅನ್ನುವುದಿಲ್ಲ, ಆದರೆ ಅವರು ಏನೂ ಅನ್ನದೆ ಇರುವುದನ್ನು ನಾನು ನೋಡಬೇಕಲ್ಲ. ದಮ್ಮಯ್ಯ, ತೆಪ್ಪಗಿರು.

ಇನ್ನು ಆ ಒಂಬತ್ತನೇ ಫಾರಂ. ಹಾಡುತ್ತಿದ್ದಾನೆ ಎಂದರೆ ನನಗೆ ಇನ್ನೂ ಭಯ. ಅವನು ಹಾಡಿದಾಗಲೆಲ್ಲ ಹಿಂದೆಯೇ ಏನೋ ಕಾದಿರುತ್ತದೆ. ಮೂರನೇ ಪುಸ್ತಕದಲ್ಲಿ ಹಾಡಿದ, ಜೈಲಾಯಿತು. ಆರನೆಯದನ್ನು ಮತ್ತೊಮ್ಮೆ ಓದಿದೆ. ಗಣಿಯ ಮಾಲೀಕನ ಮುಖಕ್ಕೆ ನಿಂತು, "ಈ ಮದ್ದು ಹಸಿಯಾಗಿದೆ, ಇದನ್ನು ಸಿಡಿಸಿದರೆ ಜನ ಸಾಯ್ತಾರೆ" ಎನ್ನುತ್ತಾನಲ್ಲ, ಆ ಜಾಗದಲ್ಲಿ ನನಗೆ ಮೈ ಜುಮ್ಮೆಂದಿತು. ಎಲ್ಲರೂ ತಲೆ ತಗ್ಗಿಸಿ ನಿಂತಿರುವಾಗ ಒಬ್ಬನಾದರೂ ಬಾಯಿ ಬಿಟ್ಟನಲ್ಲ! ಅಂಥವನಿಗೆ ಕಾಲು ಮುರಿಯುವುದೇ?

ಅಂಗಡಿಯ ಮೆಷಿನ್ನಿನಲ್ಲಿ ರಕ್ತದೊತ್ತಡ ನೋಡಿಕೊಂಡೆ, ಏರಿದೆ. ಡಾಕ್ಟರು, "ಏನು ಯೋಚ್ನೆ ಮಾಡ್ತೀರಿ?" ಎಂದು ಕೇಳಿದರು. ಹೇಳಲು ನಾಚಿಕೆಯಾಯಿತು. ಈಗ ಓದುವಾಗ ಕೆಳಗಿನ ಸಾಲುಗಳನ್ನು ಅಂಗೈಯಿಂದ ಮುಚ್ಚಿಕೊಂಡು ಒಂದೊಂದೇ ಸಾಲು ಬಿಟ್ಟುಕೊಡುತ್ತೇನೆ, ಕೆಟ್ಟದ್ದು ಒಮ್ಮೆಲೇ ಮೈಮೇಲೆ ಬೀಳದಿರಲಿ ಎಂದು.

ಕೊನೆಯ ಫಾರಂ ಬಂದ ತಕ್ಷಣ ನೋಡು. ನೋಡಿ ಬರೆ. ನನ್ನ ಮೇಲೆ ಕರುಣೆ ಇದ್ದರೆ ತಡಮಾಡಬೇಡ.

ಅಕ್ಕ

*

ಮಾರ್ಚ್ ೨೧

ಅಕ್ಕ,

ಬದುಕುತ್ತಾನೆ. ನೆಮ್ಮದಿಯಾಗಿ ಮಲಗು.

ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಸ್ವಲ್ಪ ದಿನ ನಿಮ್ಮಲ್ಲಿಗೆ ಬಂದಿರಲೇ? ಅಡುಗೆ ಕೋಣೆಯ ಪಕ್ಕದ ಜಾಗ ಸಾಕು.

ಮರಿ

*

ಮಾರ್ಚ್ ೨೮

ನನ್ನ ಬಂಗಾರದ ಮರಿ,

ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು! ಕಾಗದವನ್ನು ಅಂಗಡಿಯಲ್ಲೇ ಬಿಚ್ಚಿದೆ. ಆ ಒಂದು ಮಾತು ನೋಡಿದ ಮೇಲೆ ಅಂಗಡಿಯ ಹಿಂದೆ ಹೋಗಿ, ಖಾಲಿ ಪೆಟ್ಟಿಗೆಗಳ ಮೇಲೆ ಕೂತು ಸುಮ್ಮನೆ ಅತ್ತುಬಿಟ್ಟೆ. ಎಷ್ಟು ದಿನದಿಂದ ಎದೆಯ ಮೇಲೆ ಕಲ್ಲು ಹೊತ್ತುಕೊಂಡು ತಿರುಗುತ್ತಿದ್ದೆ ನೋಡು. ನಮ್ಮ ಬೀದಿಯ ದರ್ಜಿಯ ಹೆಂಡತಿಗೂ, ಮಗಳ ಶಾಲೆಯ ಟೀಚರಿಗೂ ಗುಟ್ಟಾಗಿ ಹೇಳಿದೆ. ಟೀಚರು ನನ್ನ ಕೈ ಹಿಡಿದುಕೊಂಡು, "ನಿಜಾನಾ? ನಿಮ್ಮ ತಮ್ಮ ನೋಡಿದ್ರಾ?" ಎಂದರು. ನನ್ನ ತಮ್ಮ ಆ ಪುಸ್ತಕದ ಅಂಚು ಕತ್ತರಿಸುವವನು ಎಂದು ಹೆಮ್ಮೆಯಿಂದ ಹೇಳಿಕೊಂಡೆ. ಅವನ ಕಾಲು ವಾಸಿಯಾಯಿತೇ? ಐದನೇ ಪುಸ್ತಕದಲ್ಲಿ ಬಂದಿದ್ದ ಆ ಶಾಲೆಯ ಹುಡುಗಿ ಮತ್ತೆ ಸಿಕ್ಕಿದಳೇ? ಬೇಡ, ಹೇಳಬೇಡ. ಅಷ್ಟನ್ನು ನಾನೇ ಓದುತ್ತೇನೆ. ಈಗ ಧೈರ್ಯವಾಗಿ ಓದಬಹುದು.

ನೀನು ಬರುವ ವಿಷಯ. ಈಗ ಬೇಡ ಮರಿ. ಮಗಳ ಪರೀಕ್ಷೆ ಹತ್ತಿರ ಬಂದಿದೆ. ಹೋದ ಸಲ ನೀನಿದ್ದಾಗ ಭಾವನ ಜೊತೆ ಆದ ಮಾತು ಇನ್ನೂ ಪೂರ್ತಿ ಆರಿಲ್ಲ. ಕೆಲಸ ಬಿಟ್ಟಿಲ್ಲ ತಾನೇ? ಬಿಡಬೇಡ. ಪುಸ್ತಕ ಹೊರಬಂದ ಮೇಲೆ ಒಂದು ಪ್ರತಿ ಹಿಡಿದುಕೊಂಡು ಬಾ, ಎಲ್ಲರೂ ಕೂತು ಓದೋಣ.

ಅಕ್ಷರ ಮಾತ್ರ ಕೋಳಿ ಕೆದಕಿದ ಹಾಗಿದೆ. ಅಕ್ಕನಿಗೆ ಬರೆಯಲು ಬಸ್ಸೇ ಬೇಕಾಗಿತ್ತೇ? ಸೋಮಾರಿ.

ಅಕ್ಕ

*

ಏಪ್ರಿಲ್ ೩೦

ತಮ್ಮನಿಗೆ,

ನನ್ನ ಹೋದ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಯಾಕೆ ಎಂದು ಈಗ ಗೊತ್ತಾಯಿತು. ಬರೆಯಲು ನಿನಗೆ ಮುಖವಿರಲಿಲ್ಲ.

ಪುಸ್ತಕ ಬಂದ ದಿನವೇ ತಂದೆ. ನಿನ್ನ ಮಾತು ನಂಬಿ, ಈ ಸಲ ಅಂಗೈ ಅಡ್ಡ ಇಡದೆ, ಮನಸ್ಸು ಬಿಚ್ಚಿ ಓದಿದೆ. ನಗುತ್ತ ಓದಿದೆ. ಕಾಲಿನ ಗಾಯ ಕೀವುಗಟ್ಟಿದಾಗಲೂ ಗಾಬರಿಯಾಗಲಿಲ್ಲ, ಹೇಗೂ ಬದುಕುತ್ತಾನಲ್ಲ ಎಂದು. ಜ್ವರದಲ್ಲಿ ತೂರಾಡಿಕೊಂಡು ಆ ಊರು ಸೇರುತ್ತಾನೆ. ಒಂದೊಂದೇ ಮನೆಯ ಬಾಗಿಲು ತಟ್ಟುತ್ತಾನೆ. ಯಾರೋ ಕುಡುಕ ಎಂದು ಒಬ್ಬರು, ನಾಳೆ ಬಾ ಎಂದು ಒಬ್ಬರು, ಮನೆಯಲ್ಲಿ ಮಕ್ಕಳಿದ್ದಾರೆ ಎಂದು ಇನ್ನೊಬ್ಬರು. ಒಬ್ಬರಾದರೂ ತೆಗೆಯುತ್ತಾರೆ ಎಂದು ಪುಟ ತಿರುಗಿಸುತ್ತಲೇ ಹೋದೆ. ಪುಟಗಳು ಮುಗಿದುಹೋದವು. ಶಾಲೆಯ ಜಗಲಿಯ ಮೇಲೆ, ಚೀಲವನ್ನು ತಲೆದಿಂಬು ಮಾಡಿಕೊಂಡು ಸತ್ತುಹೋದ.

ಒಲೆಯ ಮೇಲಿದ್ದದ್ದು ಸೀದು ಹೊಗೆ ತುಂಬಿ ಪಕ್ಕದ ಮನೆಯವರು ಓಡಿಬಂದರು. "ಯಾರಿಗೇನಾಯ್ತು?" ಎಂದು ಕೇಳಿದರೆ ಪುಸ್ತಕ ಎತ್ತಿ ತೋರಿಸಿದೆ. ಆ ಊರಿನವರ ಮೇಲೆ ನನಗೆ ಎಂಥ ಸಿಟ್ಟು ಗೊತ್ತೇ? ಅವನೇನು ಆಸ್ತಿ ಕೇಳಿದನೇ? ಒಂದು ಚಾಪೆ, ಒಂದು ಲೋಟ ನೀರು. ಮನುಷ್ಯರೇ ಅವರು?

ನೀನು ನನಗೆ ಸುಳ್ಳು ಹೇಳಿದೆ. ಮೊದಲೇ ತಿಳಿದಿದ್ದರೆ ಮನಸ್ಸನ್ನು ಗಟ್ಟಿ ಮಾಡಿಕೊಂಡಿರುತ್ತಿದ್ದೆ. ಟೀಚರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನಿನಗೆ ಇದೆಲ್ಲ ತಮಾಷೆ. ಚಿಕ್ಕಂದಿನಿಂದಲೂ ನಿನ್ನದು ಇದೇ, ಆ ಹೊತ್ತಿಗೆ ಬಾಯಿಗೆ ಬಂದದ್ದು ಹೇಳಿ ತಪ್ಪಿಸಿಕೊಳ್ಳುವುದು.

ಅಕ್ಕ

*

ಮೇ ೯

ಅಕ್ಕ,

ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ದಿನಕ್ಕೆ ಸ್ವಲ್ಪ ಸ್ವಲ್ಪ ಬರೆದು ಮುಗಿಸಿದ್ದು. ಮಾರ್ಚಿನ ಕಾಗದವನ್ನೂ ಎಡಗೈಯಲ್ಲೇ ಬರೆದಿದ್ದೆ. ಬಸ್ಸಿನಲ್ಲಿ ಕೂತಿದ್ದೇನೆ ಎಂದದ್ದು ಸುಳ್ಳು. ಮಿಂಚುಳ್ಳಿ ಬದುಕುತ್ತಾನೆ ಎಂದದ್ದೂ ಸುಳ್ಳು. ಎರಡರಲ್ಲಿ ಒಂದನ್ನು ಮಾತ್ರ ನೀನು ಕಂಡುಹಿಡಿದೆ.

ಫೆಬ್ರವರಿ ಕೊನೆಯಲ್ಲಿ ಆ ಕೊನೆಯ ಫಾರಂ ಬಂತು. ಮಧ್ಯಾಹ್ನ, ಊಟ ಮುಗಿಸಿ ಮೆಷಿನ್ ಮುಂದೆ ನಿಂತಿದ್ದೆ. ಕಟ್ಟಿನ ಮೇಲ್ಗಡೆಯೇ ಆ ಹಾಳೆ ಇತ್ತು. ನೀನು ಅಷ್ಟು ಕೇಳಿಕೊಂಡಿದ್ದೆಯಲ್ಲ ಎಂದು ಓದತೊಡಗಿದೆ. ಅವನು ಮೂರನೇ ಮನೆಯ ಬಾಗಿಲು ತಟ್ಟುತ್ತಿದ್ದ. ಕಣ್ಣು ಮಂಜಾಯಿತು. ಅಂಚು ಸರಿಮಾಡಲು ಬಲಗೈಯನ್ನು ಒಳಗಿಟ್ಟಿದ್ದೆ, ಕಾಲು ತಾನಾಗಿ ಪೆಡಲ್ ಒತ್ತಿತು. ಜಾಲರಿ ಮೂಲೆಯಲ್ಲೇ ಇತ್ತು. ಈಗ ಆ ಕೈಯಲ್ಲಿ ಹೆಬ್ಬೆರಳು, ಕಿರುಬೆರಳು ಉಳಿದಿವೆ. ನಡುವಿನವು ಮೂರೂ ಹೋದವು.

ನೋವಿನ ವಿಷಯ ಬರೆಯುವುದಿಲ್ಲ. ನಿನ್ನ ರಕ್ತದೊತ್ತಡ ಏರಬಾರದು.

ಆಸ್ಪತ್ರೆಯವರು ಹೊಲಿಗೆ ಬಿಚ್ಚಿ ಮನೆಗೆ ಹೋಗು ಎಂದಾಗ ನಿನಗೆ ಕಾಗದ ಬರೆದೆ. ಒಂದು ಕೈಯಲ್ಲಿ ಅಡುಗೆ ಮಾಡಲು ಬರುತ್ತಿರಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದೆ ಕೆಳಗಿಳಿದು ಸೈಕಲ್ ಅಂಗಡಿಯವನ ಮುಂದೆ ಮಗುವಿನ ಹಾಗೆ ಎದೆಯೊಡ್ಡಿ ನಿಲ್ಲುತ್ತಿದ್ದೆ. ಎಣ್ಣೆ ಕೈಯಲ್ಲೇ ಹಾಕಿಬಿಡುತ್ತಿದ್ದ, ಪುಣ್ಯಾತ್ಮ. ಕೈಗೆ ಹೀಗಾಗಿದೆ ಎಂದು ಬರೆದಿದ್ದರೆ ನೀನು ಓಡಿಬರುತ್ತಿದ್ದೆ, ಅದು ನನಗೆ ಗೊತ್ತು. ಯಾಕೆ ಬರೆಯಲಿಲ್ಲ ಎಂದರೆ, ಏನೂ ಆಗದಿದ್ದರೂ ಬಾ ಎನ್ನುತ್ತೀಯೋ ಇಲ್ಲವೋ ನೋಡಬೇಕು ಎಂಬ ಒಂದು ಕೆಟ್ಟ ಹಟ. ನೋಡಿದೆ. ಪುಸ್ತಕ ಬಂದ ಮೇಲೆ ಬಾ, ಬರುವಾಗ ಒಂದು ಪ್ರತಿ ತಗೊಂಡು ಬಾ ಎಂದು ನೀನು ಬರೆದೆ.

ಆ ಊರಿನವರು ಮನುಷ್ಯರೇ ಎಂದು ಕೇಳಿದ್ದೀಯ. ಮನುಷ್ಯರೇ ಅಕ್ಕ. ಅವರ ಮನೆಯಲ್ಲೂ ಯಾರದೋ ಪರೀಕ್ಷೆ ಇದ್ದಿರಬಹುದು.

ಮಿಂಚುಳ್ಳಿಯ ಕಷ್ಟಕ್ಕೆ ಅಳುವುದು ನಿನಗೆ ಸಲೀಸು. ಅತ್ತು, ಪುಸ್ತಕ ಮುಚ್ಚಿಟ್ಟು, ಮುಖ ತೊಳೆದುಕೊಂಡರೆ ಆಯಿತು. ಅವನು ಪೆಟ್ಟಿಗೆ ಹೊತ್ತು ನಿನ್ನ ಬಾಗಿಲಿಗೆ ಬರುವುದಿಲ್ಲ. ಭಾವನ ಜೊತೆ ಮಾತಿಗೆ ಮಾತು ಬೆಳೆಸುವುದಿಲ್ಲ. ಗಣಿಯ ಮಾಲೀಕನಿಗೆ ಎದುರು ನಿಂತರೆ ಅವನು ಗಂಡಸು, ಪ್ರೆಸ್ಸಿನ ಮಾಲೀಕನಿಗೆ ಎದುರು ನಿಂತರೆ ನಾನು ತಲೆಹರಟೆ. ನನ್ನ ಜಾಗದಲ್ಲಿ ಅವನಿದ್ದಿದ್ದರೆ ನೀನು ಒಂದು ವಾರ ಉಪವಾಸ ಇರುತ್ತಿದ್ದೆ.

ಬದುಕುತ್ತಾನೆ ಎಂದು ಬರೆದದ್ದು ಯಾಕೆ ಗೊತ್ತೇ? ಆವತ್ತು ನಮ್ಮಿಬ್ಬರಲ್ಲಿ ಒಬ್ಬರಿಗಾದರೂ ನಿದ್ದೆ ಬರಲಿ ಎಂದು. ತಮಾಷೆಗಲ್ಲ.

ಮರಿ

*

ಮೇ ೧೫

ಮರಿ,

ನನಗೆ ಹೇಗೆ ಗೊತ್ತಾಗಬೇಕಿತ್ತು? ನೀನು ಹೇಳಿದ್ದರೆ ತಾನೇ? ಬಸ್ಸಿನಲ್ಲಿ ಬರೆಯುತ್ತಿದ್ದೇನೆ ಎಂದರೆ ಬಸ್ಸು ಎಂದೇ ನಂಬುತ್ತೇನೆ. ಅಕ್ಕನನ್ನು ಪರೀಕ್ಷೆಗೆ ಕೂರಿಸಿ, ಫೇಲಾದಳು ಎಂದು ಎರಡು ತಿಂಗಳಾದ ಮೇಲೆ ಹೇಳುತ್ತೀಯ. ಇದು ನ್ಯಾಯವೇ? ನಿನ್ನನ್ನು ಎತ್ತಿ ಆಡಿಸಿದವಳು ನಾನು. ನಿನ್ನ ಕೈ ಹಿಡಿದು ಮೊದಲ ಅಕ್ಷರ ತಿದ್ದಿಸಿದವಳು ನಾನು.

ಮೇಲಿನ ಸಾಲು ಬರೆದು ಎದ್ದುಹೋಗಿದ್ದೆ. ಯಾವ ಕೈ ಎಂದು ಆಮೇಲೆ ನೆನಪಾಯಿತು.

ಬಾ. ಈಗಲೇ ಹೊರಟು ಬಾ. ಬೇಡ, ನೀನು ಇದ್ದಲ್ಲೇ ಇರು, ನಾನೇ ಬರುತ್ತೇನೆ. ತಮ್ಮ ಆಸ್ಪತ್ರೆಯಲ್ಲಿದ್ದ, ನೋಡಲು ಹೋಗಬೇಕು ಎಂದು ಅಂಗಡಿಯ ಮಾಲೀಕರ ಹತ್ತಿರ ರಜೆ ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ಜನವರೀಲೂ ಯಾರೋ ಆಸ್ಪತ್ರೇಲಿದ್ರಲ್ಲಮ್ಮ? ಅವ್ರು ಹುಷಾರಾದ್ರಾ?" ಎಂದರು. ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ?

ಅಕ್ಕ

*

ಮೇ ೨೪

ಮರಿ,

ಇದನ್ನು ನಿನ್ನ ಕೋಣೆಯ ಕೆಳಗೆ, ಸೈಕಲ್ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ನೀನು ಕೋಣೆ ಖಾಲಿ ಮಾಡಿ ಹೋಗಿ ಐದು ದಿನವಾಯಿತಂತೆ. ಎಲ್ಲಿಗೆ ಎಂದು ಇವರು ಹೇಳುತ್ತಿಲ್ಲ. "ಕಾಗದ ಕೊಡಿ, ತಲುಪಿಸ್ತೀನಿ, ಅಡ್ರೆಸ್ ಮಾತ್ರ ಕೇಳಬೇಡಿ" ಎನ್ನುತ್ತಾರೆ. ಕೂರಲು ಸ್ಟೂಲು ಕೊಟ್ಟು, ಟೀ ತರಿಸಿದರು. ನನ್ನ ಮುಖವನ್ನು ಮಾತ್ರ ನೋಡಲಿಲ್ಲ. ನನ್ನ ವಿಷಯ ಇವರಿಗೆಲ್ಲ ಗೊತ್ತಿದೆ ಎಂದು ಕಾಣುತ್ತದೆ.

ಬೆಳಿಗ್ಗೆ ಪ್ರೆಸ್ಸಿಗೆ ಹೋಗಿದ್ದೆ. ಏನೂ ಗಲಾಟೆ ಮಾಡಬಾರದು, ನಿನ್ನ ವಿಳಾಸವಷ್ಟೇ ಕೇಳಿ ಬರಬೇಕು ಎಂದುಕೊಂಡಿದ್ದೆ. ಒಳಗೆ ಕಾಲಿಟ್ಟರೆ ಆ ಮೆಷಿನ್ ಮುಂದೆ ಇನ್ಯಾರೋ ನಿಂತಿದ್ದ, ಮದುವೆ ವಯಸ್ಸಿನವನು. ಜಾಲರಿ ಗೋಡೆಗೆ ಒರಗಿತ್ತು. ಅದರ ಮೇಲೆ ಯಾರೋ ಟವೆಲ್ ಒಣಹಾಕಿದ್ದರು. ನನಗೆ ತಲೆ ಕೆಟ್ಟುಹೋಯಿತು. "ಇಲ್ಲೇ ಅಲ್ವೇನ್ರೀ ನನ್ನ ತಮ್ಮನ ಬೆರಳು ಹೋಗಿದ್ದು?" ಎಂದು ಕೂಗಿಬಿಟ್ಟೆ. ಮೇಸ್ತ್ರಿ ಓಡಿಬಂದ. "ಮೆಲ್ಲಗೆ ಮಾತಾಡಿ ತಾಯಿ, ಅವನು ಕುಡ್ಕೊಂಡು ಬಂದಿದ್ದ" ಎಂದ. ಮಡಚುವ ಮೇಜಿನಿಂದ ದೊಡ್ಡಕ್ಕ ಎದ್ದು ನಿಂತರು. "ಸುಳ್ಳು ಯಾಕೆ ಹೇಳ್ತೀಯೋ? ಆ ಹುಡುಗ ಟೀ ಬಿಟ್ಟು ಏನೂ ಮುಟ್ತಿರ್ಲಿಲ್ಲ. ಜಾಲರಿ ಹಾಕ್ಸಿ ಅಂತ ಬಡ್ಕೊಂಡ" ಎಂದರು. ಒಳಗಿಂದ ಮಾಲೀಕರು ಬಂದರು. ಬಹಳ ನಯವಾಗಿ, "ತಪ್ಪು ತನ್ನದೇ ಅಂತ ಅವನೇ ಸಹಿ ಹಾಕಿದಾನಮ್ಮ. ನೀವು ಇಲ್ಲಿಗೆ ಬರೋದು ಸ್ವಲ್ಪ ತಡ ಆಯ್ತು" ಎಂದರು.

ನಾನು ಆ ಜಾಲರಿಯನ್ನು ಎಳೆದುತಂದು ಅವರ ಕಾಲ ಬುಡಕ್ಕೆ ಹಾಕಿದೆ. ಸದ್ದಿಗೆ ರಸ್ತೆಯ ಜನವೆಲ್ಲ ಬಾಗಿಲಿಗೆ ಬಂದರು. "ಇದನ್ನ ಹಾಕೋ ತನಕ ನಾನು ಇಲ್ಲಿಂದ ಕದಲಲ್ಲ" ಎಂದು ಮೆಷಿನ್ ಪಕ್ಕವೇ ನೆಲದ ಮೇಲೆ ಕೂತೆ. ನಿನ್ನ ಅಕ್ಕ ಹೀಗೆ ಕೂತದ್ದನ್ನು ನಿನ್ನ ಭಾವ ನೋಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ಕೊನೆಗೆ ಇಬ್ಬರು ಬಂದು ತೋಳು ಹಿಡಿದು ಹೊರಗೆ ಬಿಟ್ಟರು. ಅಲ್ಲಿಂದ ನೇರವಾಗಿ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದೆ. ಗಾಯವಾದವನೇ ಬಂದು ದೂರು ಕೊಡಬೇಕಂತೆ.

ಬಾ ಮರಿ. ಇಬ್ಬರೂ ಹೋಗೋಣ. ಆಮೇಲೆ ಮನೆಗೆ ಹೋಗೋಣ. ಭಾವನಿಗೆ ಹೇಳಿ ಬಂದಿದ್ದೇನೆ, ಕೇಳಿ ಅಲ್ಲ.

ಅಕ್ಕ

*

ಜುಲೈ ೩

ಅಕ್ಕ,

ನಿನ್ನ ಕಾಗದ ಎರಡೂ ತಲುಪಿದವು. ಬೇಗ ಬರೆಯಬಹುದಿತ್ತು, ಮನಸ್ಸಾಗಲಿಲ್ಲ.

ನಾನೀಗ ಬೇರೆ ಊರಿನ ಸರಕು ಕಚೇರಿಯಲ್ಲಿದ್ದೇನೆ. ಲಾರಿ ಬಂದಾಗ ಯಾವ ಮೂಟೆ ಎಲ್ಲಿಗೆ ಎಂದು ಕೂಗಿ ಹೇಳುವುದು. ಗಂಟಲು ಇದ್ದರೆ ಸಾಕು. ಇಲ್ಲಿ ನನಗೆ ಎರಡೂವರೆ ಎಂದು ಹೆಸರಿಟ್ಟಿದ್ದಾರೆ. ಎರಡು ಬೆರಳಿನ ಲೆಕ್ಕ ಸರಿ, ಅರ್ಧ ಎಲ್ಲಿಂದ ಬಂತು ಎಂದು ಕೇಳಿದೆ. "ಗೌರವಕ್ಕೆ ಸೇರಿಸಿದೀವಿ" ಎಂದರು. ನಕ್ಕೆ. ಎಡಗೈ ಅಕ್ಷರ ಸುಧಾರಿಸಿದೆಯಲ್ಲವೇ?

ಸಹಿ ಹಾಕಿದ್ದು ನಿಜ. ಹೊಲಿಗೆ ಹಾಕುವ ಮೊದಲೇ ಕಾಗದ ಮುಂದಿಟ್ಟರು. ಆ ಹೊತ್ತಿನಲ್ಲಿ ನನ್ನ ಕುತ್ತಿಗೆಗೇ ನಾನು ಸಹಿ ಹಾಕುತ್ತಿದ್ದೆ. ಪಕ್ಕದಲ್ಲಿ ಒಬ್ಬರಿದ್ದು, ಬೇಡ, ತಡಿ ಎಂದಿದ್ದರೆ ಹಾಕುತ್ತಿರಲಿಲ್ಲ. ಈಗ ದೂರು ಕೊಟ್ಟರೆ ದೊಡ್ಡಕ್ಕನನ್ನು ಸಾಕ್ಷಿಗೆ ಎಳೆಯಬೇಕು. ಈಗಾಗಲೇ ಅವರನ್ನು ಗೋದಾಮಿನ ಕಸ ಗುಡಿಸಲು ಹಾಕಿದ್ದಾರಂತೆ. ನನಗೆ ಬೇಡ.

ಒಂದು ಸುದ್ದಿ ಹೇಳಬೇಕು. ನೀನು ಬಂದುಹೋದ ವಾರದಲ್ಲೇ ಮೆಷಿನ್ನಿಗೆ ಜಾಲರಿ ಹಾಕಿಸಿದರಂತೆ. ರಸ್ತೆಯ ಜನ ಬಾಯಿಗೆ ಬಂದಂತೆ ಆಡಿಕೊಳ್ಳತೊಡಗಿದರಂತೆ. ನಾನು ಬಡಿದುಕೊಂಡರೂ ಆಗದ್ದನ್ನು ನೀನು ಒಂದು ಬೆಳಿಗ್ಗೆ ನೆಲದ ಮೇಲೆ ಕೂತು ಮಾಡಿದೆ. ಕೇಳಿ ಹೆಮ್ಮೆಯಾಯಿತು. ಆ ಬೆಳಿಗ್ಗೆ ಫೆಬ್ರವರಿಯಲ್ಲಿ ಬಂದಿದ್ದರೆ ಎಂದೂ ಅನ್ನಿಸಿತು. ಎರಡೂ ಒಟ್ಟಿಗೇ ಅನ್ನಿಸಿತು, ಯಾವುದು ಹೆಚ್ಚು ಎಂದು ಕೇಳಬೇಡ.

ಮನೆಗೆ ಬರುವುದಿಲ್ಲ. ಈಗ ಬಂದರೆ ನೀನು ನನ್ನನ್ನು ಪುಸ್ತಕದವನ ಹಾಗೆ ನೋಡಿಕೊಳ್ಳುತ್ತೀಯ. ಅನ್ನ ಕಲೆಸಿ ಕೊಡುತ್ತೀಯ, ಗುಂಡಿ ಹಾಕುತ್ತೀಯ, ಮುಖ ತಿರುಗಿಸಿ ಅಳುತ್ತೀಯ. ಕೈ ಇದ್ದಾಗ ಸಿಗದ ಜಾಗ ಕೈ ಹೋದದ್ದಕ್ಕೆ ಸಿಕ್ಕಿತು ಎಂದು ನನಗೆ ದಿನವೂ ಅನ್ನಿಸುತ್ತದೆ. ಅದು ನನ್ನಿಂದಾಗದು.

ಮರಿ

*

ಜುಲೈ ೧೪

ಮರಿ,

ನೀನು ಬರೆದದ್ದರಲ್ಲಿ ಒಂದು ಅಕ್ಷರವನ್ನೂ ಅಲ್ಲಗಳೆಯುವುದಿಲ್ಲ. ಆದರೂ ಬಾ ಎನ್ನುತ್ತೇನೆ. ಪ್ರತಿ ಕಾಗದದಲ್ಲೂ ಎನ್ನುತ್ತೇನೆ, ನೀನು ಪ್ರತಿ ಕಾಗದದಲ್ಲೂ ಇಲ್ಲ ಎನ್ನು.

ನಿನಗೆ ತಿಳಿಸದೆ ಇರಬಹುದಾದ ಒಂದು ವಿಷಯವಿದೆ. ಬೇರೆ ಯಾರಿಂದಲೋ ಗೊತ್ತಾಗುವುದಕ್ಕಿಂತ ನಾನೇ ಹೇಳುವುದು ಮೇಲು. ಮಿಂಚುಳ್ಳಿ ಸತ್ತಿಲ್ಲವಂತೆ. ಪುಸ್ತಕ ಬಂದ ಮೇಲೆ ಓದುಗರು ಲೇಖಕನಿಗೆ ಸಾವಿರಾರು ಕಾಗದ ಬರೆದರಂತೆ. ಕೆಲವರು ಬೈದು, ಕೆಲವರು ಅತ್ತು. ಲೇಖಕ ಕರಗಿ, ಜಗಲಿಯ ಮೇಲೆ ಬಿದ್ದವನಿಗೆ ಇನ್ನೂ ಉಸಿರಿತ್ತು, ಬೆಳಿಗ್ಗೆ ಶಾಲೆಯ ಹುಡುಗಿ ಬಂದು ನೋಡಿದಳು ಎಂದು ಎಂಟನೇ ಪುಸ್ತಕ ಶುರುಮಾಡಿದ್ದಾನಂತೆ. ಪೇಪರಿನಲ್ಲಿ ಬಂದಿದೆ. ದರ್ಜಿಯ ಹೆಂಡತಿ ಬೀದಿಯಲ್ಲೇ ಕೂಗಿ ಹೇಳಿದಳು. ಟೀಚರು ಮನೆಗೆ ಬಂದು ನನ್ನನ್ನು ತಬ್ಬಿಕೊಂಡು, "ನಿಮ್ಮ ತಮ್ಮ ಹೇಳಿದ್ದೇ ನಿಜವಾಯ್ತು ನೋಡಿ!" ಎಂದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತುಕೊಂಡೆ.

ಆ ಸಾವಿರಾರು ಕಾಗದಗಳಲ್ಲಿ ನನ್ನದೂ ಒಂದು. ಏಪ್ರಿಲ್ ಕೊನೆಯಲ್ಲಿ, ನಿನಗೆ ಬೈದು ಬರೆದ ದಿನವೇ, ಅವನಿಗೂ ಬರೆದಿದ್ದೆ. ಬೇಡಿಕೊಂಡು ಬರೆದಿದ್ದೆ. ಅವನು ಯಾರೋ, ಎಂಥವನೋ, ಅವನ ಕಾಲಿಗೆ ಬೀಳುವ ಹಾಗೆ ಬರೆದಿದ್ದೆ. ಅವನಿಗೆ ಮನಸ್ಸು ಕರಗಿತು, ಸತ್ತವನು ಎದ್ದು ಕೂತ. ನಿನ್ನ ಬೆರಳಿಗಾಗಿ ಯಾರಿಗೆ ಬರೆಯಲಿ ಹೇಳು.

ಆ ಪುಸ್ತಕ ಓದುವುದಿಲ್ಲ ಎಂದು ನಿನಗೆ ಆಣೆ ಮಾಡಿ ಬರೆಯಬೇಕೆಂದು ಕೂತಿದ್ದೆ. ಬರೆಯಲಾರೆ. ಓದುತ್ತೇನೆ ಮರಿ. ಬಂದ ದಿನವೇ ತಂದು, ಒಲೆಯ ಮುಂದೆ ನಿಂತೇ ಓದುತ್ತೇನೆ. ಇಷ್ಟೆಲ್ಲ ಆದ ಮೇಲೂ, ಅವನು ಬದುಕಿದ್ದಾನೆ ಎಂದು ಕೇಳಿದ ಕ್ಷಣ ನನ್ನ ಎದೆ ಹಗುರಾಯಿತು. ಅದನ್ನು ನೆನೆದರೆ ನನ್ನ ಮೇಲೇ ನನಗೆ ಹೇಸಿಗೆ.

ಬಾ.

ಅಕ್ಕ

*

ಜುಲೈ ೨೯

ಅಕ್ಕ,

ಓದು. ಓದಿ, ಅವನಿಗೆ ಏನಾಯಿತು ಎಂದು ನನಗೂ ಬರೆ. ದಪ್ಪ ಪುಸ್ತಕ ನನ್ನ ಕೈಯಲ್ಲಿ ನಿಲ್ಲುವುದಿಲ್ಲ.

ಮರಿ